ಹಾವಸೆಗಳ ವರ್ಗೀಕರಣ: ಬೆಳವಣಿಗೆಯ ಅಂಗರಚನೆ ಮತ್ತು ತಳಿವಿಜ್ಞಾನದ ಸಾಕ್ಷ್ಯ

ಪೀಠಿಕೆ

ಕನ್ನಡದ ಆಡುಮಾತಿನಲ್ಲಿ ಹಾವಸೆ, ಪಾಚಿ ಎಂಬ ಪದಗಳಿಗೆ ಗೊತ್ತಾದ ಒಂದೇ ಅರ್ಥವಿಲ್ಲ. ಕೆರೆಯ ಮೆಟ್ಟಿಲಿನ ಜಾರುವ ಲೇಪವೂ ಪಾಚಿಯೇ, ಮಳೆಗಾಲದಲ್ಲಿ ಮಲೆನಾಡಿನ ಕಲ್ಲುಗೋಡೆಗೆ ಹೊದಿಸಿದಂತೆ ಬೆಳೆಯುವ ಹಸುರು ಮಖಮಲ್ಲೂ ಪಾಚಿಯೇ. ಮೊದಲನೆಯದು ಶೈವಲ, ಎರಡನೆಯದು ಬಹುಮಟ್ಟಿಗೆ ಮಾಸ್ ಎಂಬ ಹೆಸರಿನ ನೆಲಸಸ್ಯ. ಪ್ರಸ್ತುತ ಲೇಖನದಲ್ಲಿ ಹಾವಸೆ ಎಂಬ ಪದವನ್ನು ಈ ಎರಡನೆಯ ಅರ್ಥದಲ್ಲಿ ಮಾತ್ರ ಬಳಸಲಾಗಿದೆ. ಜಗತ್ತಿನಲ್ಲಿ ಈ ಗುಂಪಿನ ಸುಮಾರು 12,000ದಿಂದ 13,000 ಪ್ರಭೇದಗಳಿವೆ ಎಂಬುದು ಸಸ್ಯವಿಜ್ಞಾನಿಗಳ ಅಂದಾಜು. ನೆಲದ ಮೇಲಿನ ಸಸ್ಯಗಳಲ್ಲಿ ಹೂಬಿಡುವ ಸಸ್ಯಗಳ ಅನಂತರ ಸಂಖ್ಯೆಯಲ್ಲಿ ಮುಂದಿರುವ ಗುಂಪುಗಳಲ್ಲಿ ಇದೂ ಒಂದು.

ಇಷ್ಟು ದೊಡ್ಡ ಗುಂಪನ್ನು ವಿಂಗಡಿಸುವುದು ಸುಲಭದ ಕೆಲಸವಲ್ಲ. ಹಾವಸೆಗಳಿಗೆ ಹೂವಿಲ್ಲ, ಹಣ್ಣಿಲ್ಲ, ಬೀಜವಿಲ್ಲ, ನಿಜವಾದ ಬೇರೂ ಇಲ್ಲ. ಎಲೆ ಬಹುತೇಕ ಒಂದೇ ಕೋಶದಷ್ಟು ದಪ್ಪ. ಗಾತ್ರ ಕೆಲವು ಮಿಲಿಮೀಟರುಗಳಿಂದ ಕೆಲವು ಸೆಂಟಿಮೀಟರುಗಳು. ವರ್ಗೀಕರಣಕಾರನಿಗೆ ದೊರೆಯುವ ಲಕ್ಷಣಗಳೇ ಕಡಿಮೆ. ಅವುಗಳಲ್ಲಿಯೂ ಅನೇಕವು ನೀರು, ಬಿಸಿಲು, ನೆಲ ಇವುಗಳ ಒತ್ತಡಕ್ಕೆ ಸಿಕ್ಕಿ ಪರಸ್ಪರ ಸಂಬಂಧವಿಲ್ಲದ ವಂಶಗಳಲ್ಲಿ ಒಂದೇ ರೂಪ ತಾಳಿರುತ್ತವೆ. ಆದುದರಿಂದ ಬಲಿತ ಸಸ್ಯದ ಹೊರರೂಪವನ್ನಷ್ಟೇ ನೋಡಿ ಮಾಡಿದ ವಿಂಗಡಣೆ ಮತ್ತೆ ಮತ್ತೆ ತಪ್ಪಿದೆ. ಎರಡು ಬಗೆಯ ಸಾಕ್ಷ್ಯಗಳು ಈ ತಪ್ಪನ್ನು ತಿದ್ದಲು ನೆರವಾಗಿವೆ. ಅಂಗವೊಂದು ಯಾವ ಕೋಶಗಳಿಂದ, ಯಾವ ಕ್ರಮದ ವಿಭಜನೆಗಳಿಂದ ರೂಪುಗೊಂಡಿತು ಎಂಬುದನ್ನು ಬೆಳವಣಿಗೆಯ ಅಂಗರಚನೆ ತಿಳಿಸುತ್ತದೆ. ಯಾವ ಸಸ್ಯಕ್ಕೆ ಯಾವುದು ರಕ್ತಸಂಬಂಧಿ ಎಂಬುದನ್ನು ತಳಿವಿಜ್ಞಾನ ತಿಳಿಸುತ್ತದೆ. ಇವೆರಡೂ ಒಂದನ್ನೊಂದು ಪರೀಕ್ಷಿಸಿದಾಗ ಮಾತ್ರ ವರ್ಗೀಕರಣ ವಂಶಾವಳಿಗೆ ನಿಷ್ಠವಾಗುತ್ತದೆ ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ನಿರೂಪಿಸುವುದು ಈ ಲೇಖನದ ಉದ್ದೇಶ.

ಮುಂದಿನ ವಿವೇಚನೆಗೆ ಹಾವಸೆಯ ಜೀವನಚಕ್ರದ ತಿಳಿವಳಿಕೆ ಅಗತ್ಯ. ಕಣ್ಣಿಗೆ ಕಾಣುವ ಹಸುರು ಎಲೆಸಹಿತ ಸಸ್ಯ ಲಿಂಗಾಣುಗಳನ್ನು ಉತ್ಪಾದಿಸುವ ತಲೆಮಾರು. ಇದನ್ನು ಲಿಂಗಾಣುಸಸ್ಯ ಎನ್ನಬಹುದು. ಅಂಡಾಣುವಿನ ಫಲನದಿಂದ ಎರಡನೆಯ ತಲೆಮಾರು ಹುಟ್ಟಿ, ತಾಯಿಸಸ್ಯದ ತುದಿಯಲ್ಲಿಯೇ ನೆಲೆನಿಂತು, ಒಂದು ದಂಟನ್ನೂ ಅದರ ತಲೆಯ ಮೇಲೆ ಬೀಜಕಗಳು ತುಂಬಿದ ಪುಟ್ಟ ಕರಂಡವನ್ನೂ ಬೆಳೆಸುತ್ತದೆ. ಇದು ಬೀಜಕಸಸ್ಯ, ಆ ಕರಂಡವೇ ಬೀಜಕಾಶಯ. ಎರಡು ತಲೆಮಾರುಗಳ ಈ ಸರದಿಯನ್ನು ಜರ್ಮನಿಯ ಹಾಫ್‌ಮೈಸ್ಟರ್ 1851ರಲ್ಲಿ ಸ್ಪಷ್ಟಪಡಿಸಿದನು.

ಬೀಜಕಾಶಯದ ಬಾಯಿ: ಮೊದಲ ವಿಂಗಡಣೆ

ಹಾವಸೆಗಳ ಶಾಸ್ತ್ರೀಯ ನಾಮಕರಣ ಯೋಹಾನ್ ಹೆಡ್ವಿಗ್‌ನಿಂದ ಆರಂಭವಾಗುತ್ತದೆ. ಲೈಪ್‌ಜಿಗ್‌ನಲ್ಲಿ ವೈದ್ಯನೂ ಸಸ್ಯಶಾಸ್ತ್ರದ ಪ್ರಾಧ್ಯಾಪಕನೂ ಆಗಿದ್ದ ಈತ 1799ರಲ್ಲಿ ತೀರಿಕೊಂಡನು. ಆತನ ‘ಸ್ಪೀಶೀಸ್ ಮಸ್ಕೋರಂ’ ಗ್ರಂಥ ಮರಣಾನಂತರ 1801ರಲ್ಲಿ ಪ್ರಕಟವಾಯಿತು. ಸ್ಫ್ಯಾಗ್ನಂ ಕುಟುಂಬದ ಹೊರತು ಉಳಿದೆಲ್ಲ ಹಾವಸೆಗಳ ಹೆಸರುಗಳಿಗೆ ಈ ಗ್ರಂಥವೇ ಇಂದಿಗೂ ಅಧಿಕೃತ ಆರಂಭಬಿಂದು.

ಹೆಡ್ವಿಗ್‌ನ ಪದ್ಧತಿಯಲ್ಲಿ ಬೀಜಕಾಶಯದ ಬಾಯಿಗೆ ಮುಖ್ಯ ಸ್ಥಾನವಿತ್ತು. ಬಹುತೇಕ ಹಾವಸೆಗಳ ಬೀಜಕಾಶಯಕ್ಕೆ ಒಂದು ಮುಚ್ಚಳವಿರುತ್ತದೆ. ಬಲಿತಾಗ ಮುಚ್ಚಳ ಕಳಚಿ ಬಿದ್ದು, ಬಾಯಂಚಿನ ಸುತ್ತ ಹಲ್ಲುಗಳ ವರ್ತುಲವೊಂದು ಗೋಚರಿಸುತ್ತದೆ. ಇದಕ್ಕೆ ಪೆರಿಸ್ಟೋಮ್ ಎಂದು ಹೆಸರು. ಗಾಳಿಯ ತೇವಾಂಶ ಏರಿಳಿದಂತೆ ಈ ಹಲ್ಲುಗಳು ಬಾಗಿ ನೆಟ್ಟಗಾಗಿ ಬೀಜಕಗಳ ಬಿಡುಗಡೆಯನ್ನು ನಿಯಂತ್ರಿಸುತ್ತವೆ. ಹಲ್ಲುಗಳ ಸಂಖ್ಯೆ, ಸಾಲು, ಕೆತ್ತನೆ ಇವು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿದ್ದು, ಒಂದೊಂದು ಗುಂಪಿನೊಳಗೆ ಸಾಕಷ್ಟು ಸ್ಥಿರವಾಗಿರುವುದರಿಂದ ವರ್ಗೀಕರಣಕ್ಕೆ ಇದಕ್ಕಿಂತ ಒಳ್ಳೆಯ ಆಧಾರವಿಲ್ಲವೆಂದು ತೋರಿದ್ದು ಸಹಜವೇ.

ಹೆಡ್ವಿಗ್ ಬೇರೆ ಬೇರೆ ಜಾತಿಗಳಲ್ಲಿರಿಸಿದ ಮೂರು ಹಾವಸೆಗಳನ್ನು ಇಲ್ಲಿ ನೆನಪಿನಲ್ಲಿಡಬೇಕು. ಲೇಖನದ ಉತ್ತರಾರ್ಧದಲ್ಲಿ ಅವು ಮರಳಿ ಬರುತ್ತವೆ. ಉದ್ದ ದಂಟು, ಬಾಗಿದ ಬೀಜಕಾಶಯ, ಎರಡು ಸಾಲು ಹಲ್ಲುಗಳಿರುವ ಹಾವಸೆ ಫ್ಯುನೇರಿಯ ಹೈಗ್ರೊಮೆಟ್ರಿಕ ಎನಿಸಿತು. ಬಾಯಿ ತೆರೆದುಕೊಂಡರೂ ಹಲ್ಲುಗಳೇ ಇಲ್ಲದ ಇನ್ನೊಂದು, ಬರಿಬಾಯಿಯದು ಎಂಬ ಅರ್ಥದ ಜಿಮ್ನೊಸ್ಟೋಮಂ ಜಾತಿಗೆ ಸೇರಿ ಜಿಮ್ನೊಸ್ಟೋಮಂ ಪೈರಿಫಾರ್ಮೆ ಎನಿಸಿತು. ದಂಟು ಅತಿ ಗಿಡ್ಡವಾಗಿ, ಬೀಜಕಾಶಯ ಎಲೆಗಳ ನಡುವೆಯೇ ಹುದುಗಿ, ಮುಚ್ಚಳವೂ ಇಲ್ಲದೆ ಗೋಡೆಯೊಡೆದು ಬೀಜಕಗಳನ್ನು ಚೆಲ್ಲುವ ಮೂರನೆಯದು ಫ್ಯಾಸ್ಕಂ ಪೇಟೆನ್ಸ್ ಎನಿಸಿತು. ಬಾಯಿಯ ಸ್ಥಿತಿ ಮೂರರಲ್ಲೂ ಬೇರೆ. ಆದುದರಿಂದ ಜಾತಿಯೂ ಬೇರೆ ಎಂಬುದು ಈ ವಿಂಗಡಣೆಯ ತರ್ಕ.

ಇದರಲ್ಲಿದ್ದ ದೋಷ ಬಹುಬೇಗ ಕಂಡುಬಂದಿತು. ಹಲ್ಲಿಲ್ಲದ ಹಾವಸೆಗಳನ್ನೆಲ್ಲ ಜಿಮ್ನೊಸ್ಟೋಮಂ ಎಂದು ಕೂಡಿಸಿದಾಗ, ಎಲೆ ಹಾಗೂ ಕೋಶಗಳ ರಚನೆಯಲ್ಲಿ ಒಂದಕ್ಕೊಂದು ಹೋಲದ ಸಸ್ಯಗಳು ಒಂದೆಡೆ ಸೇರಿದವು. ಒಂದು ಅಂಗ ಇರುವುದು ಲಕ್ಷಣವಾಗಬಹುದು. ಅದು ಇಲ್ಲದಿರುವುದು ಹಾಗಲ್ಲ. ಇಲ್ಲದಿರುವಿಕೆಗೆ ಪ್ರತಿಯೊಂದು ವಂಶದಲ್ಲೂ ಅದರದೇ ಚರಿತ್ರೆ ಇರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜಿಮ್ನೊಸ್ಟೋಮಂ ಪೈರಿಫಾರ್ಮೆ ಫಿಸ್ಕೊಮಿಟ್ರಿಯಂ ಜಾತಿಗೂ, ಫ್ಯಾಸ್ಕಂ ಪೇಟೆನ್ಸ್ ಫಿಸ್ಕೊಮಿಟ್ರೆಲ್ಲ ಎಂಬ ಹೊಸ ಜಾತಿಗೂ ವರ್ಗಾವಣೆಗೊಂಡು, ಫ್ಯುನೇರಿಯದೊಡನೆ ಫ್ಯುನೇರಿಯೇಸಿ ಕುಟುಂಬದಲ್ಲಿ ನೆಲೆ ಕಂಡವು. ಆದರೆ ಜಾತಿಗಳ ನಡುವಣ ಗಡಿಯನ್ನು ನಿರ್ಧರಿಸುವ ಅಧಿಕಾರ ಬೀಜಕಾಶಯದ ಕೈಯಲ್ಲಿಯೇ ಉಳಿಯಿತು.

ಹಲ್ಲು ಹುಟ್ಟುವ ಕ್ರಮ

ಬಾಯಿಯ ಹಲ್ಲುಗಳನ್ನು ಎಣಿಸುವುದರಿಂದ ಅವುಗಳ ರಚನೆಯನ್ನು ವಿಚಾರಿಸುವತ್ತ ಸಾಗಿದ್ದು ಮುಂದಿನ ಹೆಜ್ಜೆ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಔಷಧ ವ್ಯಾಪಾರಿಯಾಗಿದ್ದ ವಿಲಿಯಂ ಮಿಟ್ಟನ್ ಭಾರತದ ಹಾವಸೆಗಳನ್ನು ಕುರಿತು 1859ರಲ್ಲಿ ಪ್ರಕಟಿಸಿದ ‘ಮಸ್ಕೈ ಇಂಡಿಯೆ ಓರಿಯೆಂಟಾಲಿಸ್’ ಕೃತಿಯಲ್ಲಿ ಎರಡು ಬಗೆಯ ಹಲ್ಲುಗಳನ್ನು ಬೇರ್ಪಡಿಸಿದನು. ಪಾಲಿಟ್ರೈಕಂನಂತಹ ಹಾವಸೆಗಳಲ್ಲಿ ಹಲ್ಲು ಇಡಿಯ ಕೋಶಗಳ ಕಟ್ಟಿನಿಂದ ಆದದ್ದು. ಉಳಿದ ಬಹುಪಾಲು ಹಾವಸೆಗಳಲ್ಲಿ ಹಲ್ಲು ಕೋಶಗಳಿಂದಾದುದಲ್ಲ. ಕೋಶಗಳ ನಡುವಣ ಗೋಡೆಗಳು ದಪ್ಪವಾಗಿ, ಮಿಕ್ಕ ಭಾಗ ಕರಗಿಹೋಗಿ, ಗೋಡೆಯ ತುಣುಕುಗಳು ಮಾತ್ರ ಉಳಿದು ಕೀಲುಕೀಲಾದ ಹಲ್ಲಾಗಿರುತ್ತವೆ. ಫ್ರಾನ್ಸಿನ ಫಿಲಿಬೆರ್ 1884ರಿಂದ 1902ರವರೆಗೆ ‘ರೆವ್ಯೂ ಬ್ರಯೊಲೊಜಿಕ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನಮಾಲೆ ಈ ಎರಡನೆಯ ಬಗೆಯ ಹಲ್ಲುಗಳ ಒಳಭೇದಗಳನ್ನು ಸೂಕ್ಷ್ಮವಾಗಿ ಗುರುತಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ಲೈಷರ್ ಮತ್ತು ಬ್ರಾಥೆರಸ್ ರಚಿಸಿದ, ದೀರ್ಘಕಾಲ ಪ್ರಮಾಣವೆನಿಸಿದ ವರ್ಗೀಕರಣಗಳಿಗೆ ಇದೇ ತಳಹದಿ.

ಆದರೆ ಇವೆಲ್ಲವೂ ಬಲಿತ ಹಲ್ಲಿನ ಅಧ್ಯಯನಗಳು. ಎಳೆಯ ಬೀಜಕಾಶಯವನ್ನು ಹಲ್ಲು ಮೂಡುವ ಮೊದಲೇ ಸಂಗ್ರಹಿಸಿ, ತೆಳುವಾದ ಅಡ್ಡಛೇದಗಳನ್ನಾಗಿ ಕತ್ತರಿಸಿ, ಕೋಶವಿಭಜನೆಯ ಹೆಜ್ಜೆಗಳನ್ನು ಅನುಕ್ರಮವಾಗಿ ಜೋಡಿಸಿದಾಗ ಬೇರೊಂದೇ ಚಿತ್ರ ದೊರೆಯುತ್ತದೆ. ಇವಾನ್ಸ್ ಮತ್ತು ಹೂಕರ್ 1913ರಲ್ಲಿ ಸೆರಟೊಡಾನ್ ಹಾವಸೆಯಲ್ಲಿ ಇಂತಹ ಅಧ್ಯಯನ ನಡೆಸಿದರು. 1980ರ ದಶಕದಲ್ಲಿ ಅಮೆರಿಕದ ಶಾ, ಆಂಡರ್ಸನ್ ಮತ್ತು ಮಿಶ್ಲರ್ ಹಲವು ಜಾತಿಗಳಲ್ಲಿ ಅದನ್ನು ಕ್ರಮಬದ್ಧವಾಗಿ ಮುಂದುವರಿಸಿದರು.

ಎಳೆಯ ಬೀಜಕಾಶಯದ ಅಡ್ಡಛೇದದಲ್ಲಿ ಮೊದಲು ಕಾಣುವುದು ನಾಲ್ಕು ಕೋಶಗಳ ವೃತ್ತ. ಮುಂದಿನ ವಿಭಜನೆಗಳಿಂದ ನಡುವೆ ಒಂದು ಚೌಕವೂ ಅದರ ಸುತ್ತ ಒಂದು ಹೊರವಲಯವೂ ಬೇರೆಯಾಗುತ್ತವೆ. ನಡುವಿನದು ಎಂಡೊಥೀಸಿಯಂ, ಹೊರಗಿನದು ಆಂಫಿಥೀಸಿಯಂ. ಹಲ್ಲುಗಳು ಹುಟ್ಟುವುದು ಆಂಫಿಥೀಸಿಯಂನ ಅತ್ಯಂತ ಒಳಗಿನ ಮೂರು ಪದರಗಳಿಂದ. ಇವನ್ನು ಹೊರಪದರ, ನಡುಪದರ, ಒಳಪದರ ಎಂದು ಕರೆಯೋಣ. ಸುತ್ತಳತೆಯನ್ನು ಎಂಟು ಸಮಭಾಗಗಳಾಗಿ ಭಾವಿಸಿದರೆ ಒಂದು ಭಾಗದಲ್ಲಿ ಹೊರಪದರದ ನಾಲ್ಕು ಕೋಶಗಳೂ ನಡುಪದರದ ಎರಡು ಕೋಶಗಳೂ ಇರುತ್ತವೆ. ಎಂದರೆ ಒಟ್ಟು ವರ್ತುಲದಲ್ಲಿ ಕ್ರಮವಾಗಿ 32 ಮತ್ತು 16. ಕೀಲುಹಲ್ಲಿನ ಹಾವಸೆಗಳಲ್ಲಿ ಈ ಎರಡು ಸಂಖ್ಯೆಗಳು ಬಹುಮಟ್ಟಿಗೆ ಸ್ಥಿರ. ಬದಲಾಗುವುದು ಒಳಪದರ. ಎಡ್ವರ್ಡ್ಸ್ ಎಂಬ ವಿದ್ವಾಂಸ 1979 ಮತ್ತು 1984ರ ಬರಹಗಳಲ್ಲಿ ಇದನ್ನು ಒಂದು ಸೂತ್ರವಾಗಿ ರೂಪಿಸಿದನು. ಫ್ಯುನೇರಿಯದಲ್ಲಿ ಅದು 4:2:4. ಡೈಕ್ರೇನಂ ಮತ್ತು ಅದರ ಬಳಗದಲ್ಲಿ 4:2:3. ಬ್ರಯಂ ಮತ್ತು ಅದರ ಬಳಗದಲ್ಲಿ ಒಳಪದರದ ಸಂಖ್ಯೆ ನಾಲ್ಕರಿಂದ ಹದಿನಾಲ್ಕರವರೆಗೂ ಏರುತ್ತದೆ.

ಈ ಅಂಕಿಗಳ ಅರ್ಥ ಬಲಿತ ಹಲ್ಲಿನಲ್ಲಿ ಹೀಗೆ ವ್ಯಕ್ತವಾಗುತ್ತದೆ. ಹೊರಪದರಕ್ಕೂ ನಡುಪದರಕ್ಕೂ ನಡುವಣ ಗೋಡೆ ದಪ್ಪವಾದರೆ ಹೊರಸಾಲಿನ ಹಲ್ಲು. ನಡುಪದರಕ್ಕೂ ಒಳಪದರಕ್ಕೂ ನಡುವಣ ಗೋಡೆ ದಪ್ಪವಾದರೆ ಒಳಸಾಲಿನ ಹಲ್ಲು. ಫ್ಯುನೇರಿಯ, ಬ್ರಯಂಗಳಲ್ಲಿ ಎರಡು ಸಾಲುಗಳೂ ಉಂಟು. ಫ್ಯುನೇರಿಯದಲ್ಲಿ ಒಳಹಲ್ಲು ಹೊರಹಲ್ಲಿಗೆ ಎದುರುಬದುರಾಗಿ ನಿಂತರೆ ಬ್ರಯಂನಲ್ಲಿ ಎರಡು ಹೊರಹಲ್ಲುಗಳ ನಡುವಣ ಸಂದಿನಲ್ಲಿ ನಿಲ್ಲುತ್ತದೆ. ಡೈಕ್ರೇನಂ ಬಳಗದಲ್ಲಿ ಒಂದೇ ಸಾಲು. ಬರಿಗಣ್ಣಿಗೆ ಅದು ಹೊರಸಾಲಿನಂತೆಯೇ ತೋರುತ್ತದೆ. ಆದರೆ ಕೋಶಪದರಗಳನ್ನು ಹಿಂಬಾಲಿಸಿ ನೋಡಿದಾಗ ಅದು ನಡುಪದರ, ಒಳಪದರಗಳ ನಡುವೆ ಹುಟ್ಟಿದ್ದು. ಎಂದರೆ ಬ್ರಯಂನ ಒಳಸಾಲಿಗೆ ಸಮಾನವಾದದ್ದು. ನೋಟದಲ್ಲಿ ಒಂದೇ ಆಗಿರುವ ಎರಡು ಹಲ್ಲುಗಳು ಹುಟ್ಟಿನಲ್ಲಿ ಬೇರೆ. ನೋಟದಲ್ಲಿ ಬೇರೆಯಾದ ಎರಡು ಹಲ್ಲುಗಳು ಹುಟ್ಟಿನಲ್ಲಿ ಒಂದು. ಸಮಮೂಲ ಅಂಗಗಳನ್ನು ನಿರ್ಧರಿಸುವಲ್ಲಿ ಬೆಳವಣಿಗೆಯ ಅಂಗರಚನೆಯ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರೆಯುವುದು ಕಷ್ಟ.

ಇನ್ನೂ ಸೂಕ್ಷ್ಮವಾದ ಸಾಕ್ಷ್ಯ ಒಳಪದರದ ಮೊದಲ ವಿಭಜನೆಯಲ್ಲಿದೆ. ಒಳಪದರದಲ್ಲಿ ಮೊದಲಿಗಿರುವುದು ಎಂಟು ಕೋಶಗಳು. ಫ್ಯುನೇರಿಯದಲ್ಲಿ ಪ್ರತಿ ಕೋಶವೂ ಸಮನಾಗಿ ಎರಡಾಗುತ್ತದೆ. ಡೈಕ್ರೇನಂ ಬಳಗದಲ್ಲಿ ವಿಭಜನೆಯ ಗೋಡೆ ಒಂದು ಬದಿಗೆ ಸರಿದು, ಅಸಮವಾದ ಎರಡು ಕೋಶಗಳು ಉಂಟಾಗುತ್ತವೆ. ದೊಡ್ಡದು ಮಾತ್ರ ಮತ್ತೊಮ್ಮೆ ವಿಭಜಿಸುವುದರಿಂದ ಮೂರು ಎಂಬ ಸಂಖ್ಯೆ ಬರುತ್ತದೆ. ಫ್ಯುನೇರಿಯ ಮತ್ತು ಬ್ರಯಂಗಳನ್ನು ಹೋಲಿಸಿ 1989ರಲ್ಲಿ ಪ್ರಕಟವಾದ ಅಧ್ಯಯನ, ಎರಡು ಸಾಲು ಹಲ್ಲಿನ ಬ್ರಯಂನಲ್ಲಿಯೂ ಆರಂಭದ ವಿಭಜನೆ ಅಸಮವೇ ಎಂದು ತೋರಿಸಿತು. ಹಲ್ಲಿನ ಸಾಲುಗಳನ್ನು ಎಣಿಸಿದರೆ ಬ್ರಯಂ ಫ್ಯುನೇರಿಯಕ್ಕೆ ಹತ್ತಿರ. ವಿಭಜನೆಯ ಕ್ರಮವನ್ನು ನೋಡಿದರೆ ಡೈಕ್ರೇನಂಗೆ ಹತ್ತಿರ. ಯಾವುದನ್ನು ನಂಬಬೇಕು ಎಂಬ ಪ್ರಶ್ನೆಗೆ ಉತ್ತರ ಬೇರೊಂದು ಸಾಕ್ಷ್ಯದಿಂದ ಬರಬೇಕಾಗಿತ್ತು.

ಬೆಳವಣಿಗೆಯ ಹಾದಿಯಿಂದ ಬಾಂಧವ್ಯವನ್ನು ಅರಿಯುವ ಈ ವಿಧಾನ ಹಾವಸೆಗಳಿಗೆ ಮಾತ್ರ ಮೀಸಲಾದುದಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು. ಕನ್ನಡ ಓದುಗರಿಗೆ ‘ಹಸುರು ಹೊನ್ನು’ವಿನ ಕರ್ತೃವಾಗಿ ಪರಿಚಿತರಾದ ಬಿ.ಜಿ.ಎಲ್. ಸ್ವಾಮಿಯವರು ಹಾರ್ವರ್ಡಿನ ಇರ್ವಿಂಗ್ ಬೈಲಿಯವರೊಡನೆ 1951ರಲ್ಲಿ ಪ್ರಕಟಿಸಿದ ಪ್ರಬಂಧ, ಹೂಬಿಡುವ ಸಸ್ಯಗಳ ಅಂಡಕೋಶದ ಎಲೆ ಮಡಿಚಿಕೊಂಡ ಬಗೆಯಿಂದ ಪುರಾತನ ವಂಶಗಳ ಸ್ವರೂಪವನ್ನು ಊಹಿಸಿದ ಕೃತಿ. ಸಸ್ಯಗಳು ಬೇರೆಯಾದರೂ ತರ್ಕ ಒಂದೇ.

ಎಲೆ ಮತ್ತು ದಂಟಿನ ಸಾಕ್ಷ್ಯ

ಹಲ್ಲಿಗೆ ಅನ್ವಯಿಸಿದ ತರ್ಕ ಸಸ್ಯದ ಇತರ ಭಾಗಗಳಿಗೂ ಅನ್ವಯಿಸುತ್ತದೆ. ತೇವವಾದ ಮಣ್ಣಿನ ದರೆಗಳಲ್ಲಿ ಬೆಳೆಯುವ ಫಿಸಿಡೆನ್ಸ್ ಹಾವಸೆಯ ಎಲೆಗಳು ಎರಡೇ ಸಾಲಿನಲ್ಲಿ, ಹಕ್ಕಿಯ ಗರಿಯಂತೆ ಚಪ್ಪಟೆಯಾಗಿ ಹರಡಿರುತ್ತವೆ. ಉಳಿದ ಹಾವಸೆಗಳಲ್ಲಿ ಚಿಗುರಿನ ತುದಿಕೋಶ ಸಾಮಾನ್ಯವಾಗಿ ಮೂರು ಮುಖಗಳಿಂದ ಹೊಸ ಕೋಶಗಳನ್ನು ಬೇರ್ಪಡಿಸಿದರೆ ಫಿಸಿಡೆನ್ಸ್‌ನಲ್ಲಿ ಎರಡೇ ಮುಖಗಳಿಂದ ಬೇರ್ಪಡಿಸುತ್ತದೆ. ಎಲೆಗಳು ಎರಡು ಸಾಲಿನಲ್ಲಿ ಜೋಡಣೆಗೊಳ್ಳಲು ಇದೇ ಕಾರಣ. ಈ ವಿಶಿಷ್ಟ ರೂಪದಿಂದಾಗಿ ಇದಕ್ಕೆ ಹಿಂದೆ ಪ್ರತ್ಯೇಕ ಗಣದ ಸ್ಥಾನ ದೊರೆತಿತ್ತು. ಆದರೆ ಅದರ ಹಲ್ಲುಗಳು ಡೈಕ್ರೇನಂ ಬಳಗದ ಒಂಟಿಸಾಲಿನವು. ಡಿಎನ್‌ಎ ಸಾಕ್ಷ್ಯವೂ ಅದನ್ನು ಅದೇ ಬಳಗದೊಳಗೆ ಇರಿಸುತ್ತದೆ. ಒಂದೇ ಕೋಶದ ವಿಭಜನೆಯ ಮುಖ ಬದಲಾದುದರಿಂದ ಇಡೀ ಸಸ್ಯದ ರೂಪ ಬದಲಾಯಿತೇ ಹೊರತು ವಂಶ ಬದಲಾಗಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಆಕ್ಟೊಬ್ಲೆಫರಂ ಆಲ್ಬಿಡಂ. ಉಷ್ಣವಲಯದಲ್ಲೆಲ್ಲ, ದಕ್ಷಿಣ ಭಾರತದ ಕರಾವಳಿಯ ತೆಂಗಿನ ಕಾಂಡಗಳ ಮೇಲೂ, ಬಿಳಿಚಿಕೊಂಡ ಮೆತ್ತೆಯಂತೆ ಬೆಳೆಯುವ ಹಾವಸೆ ಇದು. ಎಂಟು ರೆಪ್ಪೆಗೂದಲು ಎಂಬ ಅರ್ಥದ ಹೆಸರು ಅದರ ಎಂಟು ಹಲ್ಲುಗಳಿಂದ ಬಂದದ್ದು. ಎಲೆಯಲ್ಲಿ ನೀರು ತುಂಬಿಕೊಳ್ಳುವ ಬರಿದಾದ ಕೋಶಗಳ ಪದರಗಳಿದ್ದು, ಅವುಗಳ ನಡುವೆ ಹಸುರು ಕೋಶಗಳು ಅಡಗಿರುತ್ತವೆ. ಲ್ಯೂಕೊಬ್ರಯಂ ಹಾವಸೆಯಲ್ಲೂ ಇದೇ ಬಗೆಯ ದಪ್ಪ ಬಿಳಿಯ ಎಲೆ ಇರುವುದರಿಂದ ಎರಡನ್ನೂ ಒಂದೇ ಕುಟುಂಬದಲ್ಲಿ ಇರಿಸಲಾಗಿತ್ತು. 2000ದ ನಂತರದ ಡಿಎನ್‌ಎ ಅಧ್ಯಯನಗಳು ಆ ಕುಟುಂಬವನ್ನು ಒಡೆದವು. ಆಕ್ಟೊಬ್ಲೆಫರಂ ಕ್ಯಾಲಿಂಪರೇಸಿ ಬಳಗದ ಕಡೆಗೆ ಸರಿಯಿತು; ಲ್ಯೂಕೊಬ್ರಯಂ ಬೇರೆ ಕವಲಿನಲ್ಲಿ ಉಳಿಯಿತು. ನೀರನ್ನು ಹಿಡಿದಿಡುವ ಒಂದೇ ಉಪಾಯ ಎರಡು ವಂಶಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ.

ದಂಟಿನ ವಿಷಯದಲ್ಲೂ ಹೀಗೆಯೇ. ಸ್ಫ್ಯಾಗ್ನಂ ಹಾವಸೆಯ ಬೀಜಕಾಶಯವನ್ನು ಎತ್ತಿಹಿಡಿಯುವ ಕಡ್ಡಿ ಇತರ ಹಾವಸೆಗಳ ದಂಟಿನಂತೆಯೇ ಕಾಣುತ್ತದೆ. ಆದರೆ ಅದು ಬೀಜಕಸಸ್ಯದ ಭಾಗವಲ್ಲ; ತಾಯಿಸಸ್ಯದ ಅಂಗಾಂಶವೇ ಉದ್ದವಾಗಿ ಬೆಳೆದದ್ದು. ಬೀಜಕಗಳನ್ನುಂಟುಮಾಡುವ ಕೋಶಗಳು ಬಹುತೇಕ ಹಾವಸೆಗಳಲ್ಲಿ ಎಂಡೊಥೀಸಿಯಂನಿಂದ ಹುಟ್ಟಿದರೆ ಸ್ಫ್ಯಾಗ್ನಂನಲ್ಲಿ ಆಂಫಿಥೀಸಿಯಂನಿಂದ ಹುಟ್ಟುತ್ತವೆ. ಹೀಗಾಗಿ ಸ್ಫ್ಯಾಗ್ನಂ ಉಳಿದ ಹಾವಸೆಗಳಿಂದ ಬಹಳ ಹಿಂದೆಯೇ ಕವಲೊಡೆದಿರಬೇಕೆಂಬ ಊಹೆ ಅಂಗರಚನೆಯಿಂದಲೇ ಮೂಡಿತ್ತು. ಡಿಎನ್‌ಎ ಅದನ್ನು ಸಮರ್ಥಿಸಿತು.

ತಳಿವಿಜ್ಞಾನದ ಪ್ರವೇಶ

ಹಾವಸೆಗಳ ಬಾಂಧವ್ಯವನ್ನು ಅರಿಯಲು ತಳಿವಿಜ್ಞಾನ ಬಳಕೆಗೆ ಬಂದದ್ದು ಡಿಎನ್‌ಎ ಓದುವ ತಂತ್ರಕ್ಕಿಂತ ಬಹಳ ಮೊದಲು. 1920ರ ದಶಕದಲ್ಲಿ ಫ್ರಿಟ್ಸ್ ಫಾನ್ ವೆಟ್‌ಸ್ಟೈನ್ ಫ್ಯುನೇರಿಯ ಮತ್ತು ಫಿಸ್ಕೊಮಿಟ್ರಿಯಂಗಳನ್ನು ಅಡ್ಡಹಾಯಿಸಿ ಮಿಶ್ರತಳಿಗಳನ್ನು ಪಡೆದನು. ಯಾವುದು ತಾಯಿ, ಯಾವುದು ತಂದೆ ಎಂಬುದನ್ನು ಅದಲುಬದಲು ಮಾಡಿದಾಗ ಸಂತತಿಯ ರೂಪವೂ ಬದಲಾಗುತ್ತಿತ್ತು. ಕೋಶರಸದ ಮೂಲಕವೂ ಗುಣಗಳು ಹರಿದುಬರುತ್ತವೆ ಎಂಬುದಕ್ಕೆ ಇದು ಮುಖ್ಯ ಆಧಾರವಾಯಿತು. ವರ್ಗೀಕರಣದ ದೃಷ್ಟಿಯಿಂದ ಇದರಲ್ಲಿ ಬೇರೊಂದು ಸೂಚನೆಯಿತ್ತು. ಎರಡು ಸಾಲು ಹಲ್ಲಿರುವ ಸಸ್ಯವೂ ಹಲ್ಲೇ ಇಲ್ಲದ ಸಸ್ಯವೂ ಕೂಡಿ ಸಂತತಿಯನ್ನು ಪಡೆಯಬಲ್ಲವಾದರೆ ಅವುಗಳ ನಡುವಣ ಅಂತರ ಬೀಜಕಾಶಯ ತೋರಿಸುವಷ್ಟು ದೊಡ್ಡದಿರಲಾರದು.

1990ರ ದಶಕದಿಂದ ಹರಿತ್ಕಣ, ಮೈಟೋಕಾಂಡ್ರಿಯ ಹಾಗೂ ಕೋಶಕೇಂದ್ರದ ವಂಶವಾಹಿಗಳ ಅನುಕ್ರಮಗಳನ್ನು ಹೋಲಿಸುವುದು ಸಾಧ್ಯವಾಯಿತು. ಅಕ್ಷರ ತಪ್ಪುಗಳನ್ನು ಹೋಲಿಸಿ ಹಸ್ತಪ್ರತಿಗಳ ಪಾಠಪರಂಪರೆಯನ್ನು ನಿರ್ಣಯಿಸುವ ಗ್ರಂಥಸಂಪಾದಕನ ವಿಧಾನಕ್ಕೂ ಇದಕ್ಕೂ ಸಾಮ್ಯವಿದೆ. ಎರಡು ಪ್ರತಿಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ವ್ಯತ್ಯಾಸ ಮತ್ತೆ ಮತ್ತೆ ಕಂಡುಬಂದರೆ ಅವು ಒಂದೇ ಮಾತೃಪ್ರತಿಯಿಂದ ಬಂದವೆಂದು ಊಹಿಸುವಂತೆ, ಡಿಎನ್‌ಎಯಲ್ಲಿ ಹಂಚಿಕೊಂಡ ಬದಲಾವಣೆಗಳಿಂದ ಸಮಾನ ಪೂರ್ವಜನನ್ನು ಊಹಿಸಲಾಗುತ್ತದೆ.

ಹೀಗೆ ರಚಿತವಾದ ವಂಶಾವಳಿಗಳು ಹಲ್ಲಿನ ಬೆಳವಣಿಗೆಯ ಸಾಕ್ಷ್ಯವನ್ನು ಬಹುಮಟ್ಟಿಗೆ ಎತ್ತಿಹಿಡಿದವು. ಡೈಕ್ರೇನಂ ಬಳಗದ ಒಂಟಿಸಾಲಿನ ಹಾವಸೆಗಳು ಒಂದೇ ಮೂಲದವು ಎಂಬುದು ದೃಢಪಟ್ಟಿತು. ಬ್ರಯಂ ಯಾವುದಕ್ಕೆ ಹತ್ತಿರ ಎಂಬ ಪ್ರಶ್ನೆಗೂ ಉತ್ತರ ದೊರೆಯಿತು: ಬ್ರಯಂ ಬಳಗ ಮತ್ತು ಡೈಕ್ರೇನಂ ಬಳಗ ಸೋದರ ಕವಲುಗಳು, ಫ್ಯುನೇರಿಯ ಅವೆರಡಕ್ಕೂ ಹೊರಗಿನದು. ಬಲಿತ ಹಲ್ಲಿನ ಎಣಿಕೆ ಮರೆಮಾಡಿದ್ದನ್ನು ಒಳಪದರದ ಅಸಮ ವಿಭಜನೆ ಸೂಚಿಸಿತ್ತು.

ಆದರೂ ಅಸಮ ವಿಭಜನೆಯನ್ನು ಅವೆರಡು ಬಳಗಗಳ ಏಕಮೂಲದ ಮುದ್ರೆಯೆಂದು ನೇರವಾಗಿ ಹೇಳುವಂತಿಲ್ಲ. ಮಡಿಕೆಮಡಿಕೆಯಾದ ಶಂಕುವಿನಂತಹ ಪೆರಿಸ್ಟೋಮ್ ಇರುವ ಡಿಫಿಸಿಯಂ ಹಾವಸೆಯಲ್ಲೂ ಅಸಮ ವಿಭಜನೆ ಇದೆಯೆಂದು 1987ರ ಅಧ್ಯಯನ ತೋರಿಸಿತ್ತು. ಡಿಎನ್‌ಎ ಪ್ರಕಾರ ಡಿಫಿಸಿಯಂ ಫ್ಯುನೇರಿಯಕ್ಕಿಂತಲೂ ಮೊದಲೇ ಕವಲೊಡೆದದ್ದು. ಹಾಗಿದ್ದರೆ ಅಸಮ ವಿಭಜನೆಯೇ ಹಳೆಯದಾಗಿದ್ದು, ಫ್ಯುನೇರಿಯದ ಸಮ ವಿಭಜನೆಯೇ ಅನಂತರದ ಬದಲಾವಣೆ ಆಗಿರುವ ಸಾಧ್ಯತೆಯಿದೆ. ಅಂಗರಚನೆ ಹೋಲಿಕೆಯನ್ನು ಕೊಡುತ್ತದೆ. ಆ ಹೋಲಿಕೆ ಹಳೆಯ ಆಸ್ತಿಯೋ ಹೊಸ ಗಳಿಕೆಯೋ ಎಂಬುದನ್ನು ನಿರ್ಧರಿಸಲು ವಂಶಾವಳಿ ಬೇಕು.

ಪ್ರಯೋಗಾಲಯದ ಹಾವಸೆಯ ಹೆಸರು

ಹೆಡ್ವಿಗ್‌ನ ಮೂರು ಹಾವಸೆಗಳ ಕಡೆಗೆ ಈಗ ಮರಳಬಹುದು. ಮೂರನೆಯದಾದ ಫಿಸ್ಕೊಮಿಟ್ರೆಲ್ಲ ಪೇಟೆನ್ಸ್ ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಜಗತ್ತಿನ ಪ್ರಯೋಗಾಲಯಗಳ ಮುಖ್ಯ ಹಾವಸೆಯಾಯಿತು. 1962ರಲ್ಲಿ ಇಂಗ್ಲೆಂಡಿನ ಗ್ರಾನ್ಸ್‌ಡನ್ ಕಾಡಿನಲ್ಲಿ ವೈಟ್‌ಹೌಸ್ ಸಂಗ್ರಹಿಸಿದ ತಳಿಯೇ ಬಹುಪಾಲು ಪ್ರಯೋಗಗಳ ಮೂಲ. ಬೇಕಾದ ವಂಶವಾಹಿಯನ್ನೇ ಗುರಿಯಿಟ್ಟು ಬದಲಾಯಿಸಲು ಸುಲಭವಾಗಿ ಒಗ್ಗುವ ಗುಣ ಇದರ ಪ್ರಸಿದ್ಧಿಗೆ ಕಾರಣ. ಉದಾಹರಣೆಗೆ, ಹೂಬಿಡುವ ಸಸ್ಯಗಳಲ್ಲಿ ಹೂವಿನ ರಚನೆಗೆ ಬೇಕಾದ ಲೀಫಿ ವಂಶವಾಹಿಗೆ ಸಮನಾದುದನ್ನು ಈ ಹಾವಸೆಯಲ್ಲಿ ಕೆಡಿಸಿದಾಗ ಫಲಿತ ಅಂಡದ ಮೊದಲ ವಿಭಜನೆಯೇ ತಡೆಹಿಡಿಯಲ್ಪಡುತ್ತದೆ ಎಂದು 2005ರಲ್ಲಿ ಕಂಡುಬಂದಿತು. 2008ರಲ್ಲಿ ಇದರ ಸಂಪೂರ್ಣ ವಂಶವಾಹಿ ಸಮೂಹ ಪ್ರಕಟವಾಯಿತು. ನಾಳಗಳಿಲ್ಲದ ನೆಲಸಸ್ಯಗಳಲ್ಲಿ ಇದೇ ಮೊದಲನೆಯದು.

ಇದೇ ಹೊತ್ತಿಗೆ ಅದರ ಜಾತಿಯ ಅಸ್ತಿತ್ವವೇ ಪ್ರಶ್ನೆಗೊಳಗಾಯಿತು. ಫಿಸ್ಕೊಮಿಟ್ರೆಲ್ಲ ಎಂದು ಕರೆಯಲಾಗಿದ್ದ ನಾಲ್ಕು ಪ್ರಭೇದಗಳು ಫಿಸ್ಕೊಮಿಟ್ರಿಯಂ ವಂಶದೊಳಗೆ, ಬೇರೆ ಬೇರೆ ಪೂರ್ವಜರಿಂದ, ಕನಿಷ್ಠ ಮೂರು ಸಲ ಹುಟ್ಟಿವೆ ಎಂದು ಕೋಶಕೇಂದ್ರದ ಆರು ವಂಶವಾಹಿ ನೆಲೆಗಳ ಹೋಲಿಕೆಯಿಂದ 2010ರಲ್ಲಿ ತಿಳಿದುಬಂದಿತು. ದೂರದ ಕವಲುಗಳ ನಡುವೆ ಮಿಶ್ರತಳಿಗಳಾಗಿರುವ ಕುರುಹುಗಳೂ ದೊರೆತವು. 2012ರಲ್ಲಿ ಲಿಯು, ಬಡ್ಕೆ ಮತ್ತು ಗಾಫಿನೆ ಇಡೀ ಫ್ಯುನೇರಿಯೇಸಿ ಕುಟುಂಬವನ್ನು ಪರಿಶೀಲಿಸಿ, ಬೀಜಕಸಸ್ಯದ ಲಕ್ಷಣಗಳನ್ನು ಆಧರಿಸಿದ ಜಾತಿವಿಂಗಡಣೆ ವಂಶಾವಳಿಗೆ ಹೊಂದುವುದಿಲ್ಲವೆಂದು ತೀರ್ಮಾನಿಸಿದರು. ಈ ಕುಟುಂಬದ ಕವಲುಗಳು ಅಲ್ಪಾವಧಿಯಲ್ಲಿ ವೇಗವಾಗಿ ಒಡೆದಿದ್ದು, ದಂಟು ಗಿಡ್ಡವಾಗುವುದು, ಹಲ್ಲು ಕಳೆದುಹೋಗುವುದು ಮುಂತಾದ ಬದಲಾವಣೆಗಳು ಹಲವು ಸಲ ಸ್ವತಂತ್ರವಾಗಿ ನಡೆದಿವೆ. ಕೋಶಕೇಂದ್ರದ ಬಹುಸಂಖ್ಯೆಯ ವಂಶವಾಹಿ ತುಣುಕುಗಳನ್ನು ಆಧರಿಸಿದ 2019ರ ಅಧ್ಯಯನವೊಂದು ಫಿಸ್ಕೊಮಿಟ್ರೆಲ್ಲ ಜಾತಿಯನ್ನು ಉಳಿಸಿಕೊಳ್ಳಲು ಆಧಾರವಿಲ್ಲವೆಂದು ಹೇಳಿತು.

ಪ್ರಯೋಗಾಲಯದ ಹಾವಸೆ ಹೀಗೆ ಫಿಸ್ಕೊಮಿಟ್ರಿಯಂ ಪೇಟೆನ್ಸ್ ಆಯಿತು. ಸ್ವಾರಸ್ಯವೆಂದರೆ ಇದು ಹೊಸ ಹೆಸರಲ್ಲ. 1851ರಲ್ಲಿಯೇ ಮಿಟ್ಟನ್ ಇದನ್ನು ಆ ಜಾತಿಗೆ ಸೇರಿಸಿದ್ದನು. ಸಾವಿರಾರು ಪ್ರಬಂಧಗಳಲ್ಲಿ ಬಳಕೆಯಾದ ಹೆಸರನ್ನು ಬಿಡುವುದರಿಂದ ಗೊಂದಲವಾಗುತ್ತದೆ ಎಂಬ ಆಕ್ಷೇಪಣೆ ನಿರಾಧಾರವಾದುದಲ್ಲ. 2020ರ ಹೊತ್ತಿಗೆ ಸಂಶೋಧಕರು ಹೊಸ ಹೆಸರಿನ ಜೊತೆಗೆ ಹಳೆಯದನ್ನೂ ಕಂಸದಲ್ಲಿ ಬರೆಯುವ ಪರಿಹಾರ ಕಂಡುಕೊಂಡರು. ಆದರೆ ಇಲ್ಲಿನ ಪ್ರಶ್ನೆ ಹೆಸರಿನದು ಮಾತ್ರವಲ್ಲ. ಇದು ಪ್ರತ್ಯೇಕ ಪುರಾತನ ಜಾತಿಯೆಂದು ಭಾವಿಸಿದರೆ ಅದರ ಸರಳ ಬೀಜಕಾಶಯವನ್ನು ಆದಿಮ ಸ್ಥಿತಿಯೆಂದು ತಿಳಿಯುವ ಅಪಾಯವಿದೆ. ಅದು ಹಲ್ಲುಳ್ಳ ಪೂರ್ವಜರಿಂದ ಬಂದು ಹಲ್ಲನ್ನು ಕಳೆದುಕೊಂಡ ಸಸ್ಯವೆಂದು ತಿಳಿದಾಗ, ಅದರಲ್ಲಿ ಕಂಡ ವಂಶವಾಹಿಗಳ ಕೆಲಸವನ್ನು ಎಲ್ಲ ಹಾವಸೆಗಳಿಗೂ ಅನ್ವಯಿಸುವ ಮೊದಲು ಫ್ಯುನೇರಿಯದಂತಹ ಪೂರ್ಣಾಂಗದ ಬಂಧುವಿನೊಡನೆ ಹೋಲಿಸಬೇಕೆಂಬ ಎಚ್ಚರ ಮೂಡುತ್ತದೆ. ಸರಳವಾದುದೆಲ್ಲ ಪ್ರಾಚೀನವಲ್ಲ, ಹಲವು ವೇಳೆ ಸರಳತೆಯೇ ಈಚಿನದು.

ಟಕಾಕಿಯ: ಎರಡು ಸಾಕ್ಷ್ಯಗಳ ಸಂಗಮ

ಎರಡು ಬಗೆಯ ಸಾಕ್ಷ್ಯಗಳೂ ಒಂದೇ ತೀರ್ಮಾನಕ್ಕೆ ಬಂದ ನಿದರ್ಶನ ಟಕಾಕಿಯದ್ದು. ಮಿಟ್ಟನ್ 1861ರಲ್ಲಿ ಸಿಕ್ಕಿಂ ಹಿಮಾಲಯದ ಪುಟ್ಟ ಸಸ್ಯವೊಂದನ್ನು ಲಿವರ್‌ವರ್ಟ್ ಎಂಬ ಬೇರೆಯ ಗುಂಪಿನ ಲೆಪಿಡೋಜಿಯ ಜಾತಿಯಲ್ಲಿ ವಿವರಿಸಿದ್ದನು. 1958ರಲ್ಲಿ ಜಪಾನಿನ ಹಟ್ಟೋರಿ ಮತ್ತು ಇನೂಯೆ ತಮ್ಮ ದೇಶದ ಪರ್ವತಗಳಲ್ಲಿ ದೊರೆತ ವಿಚಿತ್ರ ಸಸ್ಯಕ್ಕೆ, ಅದನ್ನು ಸಂಗ್ರಹಿಸಿದ ಟಕಾಕಿಯವರ ಹೆಸರಿನಿಂದ ಟಕಾಕಿಯ ಎಂಬ ಜಾತಿಯನ್ನು ಸ್ಥಾಪಿಸಿದರು. ಜಪಾನೀ ಭಾಷೆಯಲ್ಲಿ ಅದಕ್ಕೆ ಬಂದ ಹೆಸರಿನ ಭಾವ ‘ಇದೇನಿದು ಹಾವಸೆ’ ಎಂದು. 1963ರಲ್ಲಿ ಸಿಕ್ಕಿಂನ ಸಸ್ಯವೂ ಇದೇ ಜಾತಿಗೆ ಸೇರಿತು. ಕಡ್ಡಿಯಂತಹ ಎಲೆಗಳ ಈ ಸಸ್ಯದಲ್ಲಿ ಬೀಜಕಸಸ್ಯ ಯಾರಿಗೂ ಸಿಕ್ಕಿರಲಿಲ್ಲವಾದುದರಿಂದ ಅದನ್ನು ಲಿವರ್‌ವರ್ಟ್ ಎಂದೇ ಎಣಿಸಲಾಗಿತ್ತು.

1990ರಲ್ಲಿ ಅಲಾಸ್ಕಕ್ಕೆ ಸೇರಿದ ಅಲ್ಯೂಷನ್ ದ್ವೀಪಗಳಲ್ಲಿ ಬೀಜಕಸಸ್ಯಸಹಿತವಾದ ಮಾದರಿಗಳು ದೊರೆತವು. ಅವುಗಳ ವಿವರಣೆ 1993ರಲ್ಲಿ ಪ್ರಕಟವಾಯಿತು. ಲಿವರ್‌ವರ್ಟ್‌ಗಳಲ್ಲಿ ಬೀಜಕಗಳು ಬಲಿತ ಮೇಲೆ ದಂಟು ಹಠಾತ್ತನೆ ಉದ್ದವಾಗುತ್ತದೆ. ಹಾವಸೆಗಳಲ್ಲಿ ದಂಟು ಮೊದಲು ಬೆಳೆದು ಬೀಜಕಾಶಯ ಅನಂತರ ಬಲಿಯುತ್ತದೆ. ಟಕಾಕಿಯದಲ್ಲಿ ಬೆಳವಣಿಗೆಯ ಕ್ರಮ ಹಾವಸೆಯದಾಗಿತ್ತು. ಬೀಜಕಾಶಯ ಮಾತ್ರ ಹಲ್ಲಾಗಲಿ ಮುಚ್ಚಳವಾಗಲಿ ಇಲ್ಲದೆ ಒಂದೇ ಸುರುಳಿ ಸೀಳಿನಿಂದ ತೆರೆದುಕೊಳ್ಳುತ್ತಿತ್ತು. ಡಿಎನ್‌ಎ ಹೋಲಿಕೆಗಳು ಇದನ್ನು ಹಾವಸೆಗಳ ವಂಶಾವಳಿಯ ಬುಡದಲ್ಲಿ, ಸ್ಫ್ಯಾಗ್ನಂನ ಸಮೀಪದಲ್ಲಿ ಇರಿಸಿದವು. 2023ರಲ್ಲಿ ಇದರ ವಂಶವಾಹಿ ಸಮೂಹವೂ ಪ್ರಕಟವಾಗಿದೆ. ಎಲೆ ಹೇಳಲಾಗದೆ ಹೋದುದನ್ನು ಅಂಗಗಳು ಬೆಳೆಯುವ ಕ್ರಮ ಹೇಳಿತು. ವಂಶವಾಹಿ ಅದಕ್ಕೆ ಸಾಕ್ಷಿ ನುಡಿಯಿತು.

ಮಿತಿಗಳು ಮತ್ತು ಕರ್ತವ್ಯಗಳು

ಎರಡು ವಿಧಾನಗಳಿಗೂ ಅವುಗಳದೇ ಮಿತಿಗಳಿವೆ. ಬೆಳವಣಿಗೆಯ ಅಂಗರಚನೆಗೆ ಸರಿಯಾದ ಹಂತದ ಎಳೆಯ ಬೀಜಕಾಶಯ ಬೇಕು. ಟೊಪ್ಪಿಗೆಯಡಿಯಲ್ಲಿ ಇನ್ನೂ ಹಸುರು ಕಡ್ಡಿಯಂತಿರುವ ಆ ಹಂತ ಬಹುಕಾಲ ಇರುವುದಿಲ್ಲ. ಒಣಗಿಸಿದ ಹಳೆಯ ಮಾದರಿಗಳಲ್ಲಿ ಅದು ದೊರೆಯುವುದೂ ಅಪರೂಪ. ಹಲ್ಲೇ ಬೆಳೆಯದ ಹಾವಸೆಯಲ್ಲಿ ದಪ್ಪಗಾದ ಗೋಡೆಗಳ ಸಾಕ್ಷ್ಯವೂ ಇಲ್ಲ. ಎನ್‌ಕ್ಯಾಲಿಪ್ಟದಂತಹ ಒಂದೇ ಜಾತಿಯಲ್ಲಿ ಹಲ್ಲಿಲ್ಲದ, ಒಂಟಿಸಾಲಿನ, ಎರಡು ಸಾಲಿನ ಪ್ರಭೇದಗಳು ಮೂರೂ ಇವೆ. ಡಿಎನ್‌ಎ ಸಾಕ್ಷ್ಯವೂ ಸದಾ ಏಕವಾಕ್ಯವಾಗಿರುವುದಿಲ್ಲ. ಮಿಶ್ರತಳಿಯಾದ ಹಾವಸೆಯಲ್ಲಿ ಹರಿತ್ಕಣದ ವಂಶಾವಳಿ ಒಂದನ್ನೂ ಕೋಶಕೇಂದ್ರದ ವಂಶಾವಳಿ ಇನ್ನೊಂದನ್ನೂ ಹೇಳಬಹುದು. ಕವಲುಗಳು ವೇಗವಾಗಿ ಒಡೆದಿರುವೆಡೆ ಕೆಲವೇ ವಂಶವಾಹಿಗಳಿಂದ ತೀರ್ಮಾನಕ್ಕೆ ಬರಲಾಗದು. ಎಲ್ಲಕ್ಕಿಂತ ಮಿಗಿಲಾಗಿ, ಡಿಎನ್‌ಎ ಬಾಂಧವ್ಯವನ್ನು ತಿಳಿಸುತ್ತದೆಯೇ ಹೊರತು ಅಂಗದ ರೂಪ ಹೇಗೆ ಬದಲಾಯಿತು ಎಂಬುದನ್ನು ತಾನಾಗಿ ತಿಳಿಸುವುದಿಲ್ಲ. ಅದಕ್ಕೆ ಮತ್ತೆ ಸೂಕ್ಷ್ಮದರ್ಶಕದ ಬಳಿಗೇ ಹೋಗಬೇಕು.

ಭಾರತದ ಹಾವಸೆಗಳ ಅಧ್ಯಯನಕ್ಕೆ ಇದರಿಂದ ಕೆಲವು ಪಾಠಗಳು ಒದಗುತ್ತವೆ. ಪಳನಿ ಬೆಟ್ಟಗಳ ಹಾವಸೆಗಳನ್ನು ಕುರಿತು ಫೊರೊ ಅವರು 1961ರಲ್ಲಿ ಪ್ರಕಟಿಸಿದ ಕೃತಿ, ಪೂರ್ವ ಭಾರತದ ಹಾವಸೆಗಳನ್ನು ಕುರಿತು ಗಂಗೂಲಿಯವರು 1969ರಿಂದ 1980ರವರೆಗೆ ಹೊರತಂದ ಸಂಪುಟಗಳು ಬಲಿತ ಸಸ್ಯದ ಎಚ್ಚರಿಕೆಯ ವರ್ಣನೆಯ ಮೇಲೆ ನಿಂತಿವೆ. ವಂಶಾವಳಿಯ ಹೊಸ ತಿಳಿವಳಿಕೆಯಿಂದ ಅವುಗಳಲ್ಲಿನ ಕೆಲವು ಹೆಸರುಗಳು ಬದಲಾದರೂ ವರ್ಣನೆಗಳ ಬೆಲೆ ತಗ್ಗುವುದಿಲ್ಲ. ಯಾವ ಮಾದರಿಯ ಡಿಎನ್‌ಎ ಓದಲಾಯಿತು ಎಂಬುದನ್ನು ಗುರುತಿಸಿ ಹೇಳಲು ಆ ವರ್ಣನೆಗಳೇ ಬೇಕು. ಪಶ್ಚಿಮಘಟ್ಟಗಳಲ್ಲಿ ಮುಂದೆ ಸಂಗ್ರಹಕ್ಕೆ ಹೊರಡುವವರು ಬಲಿತ ಬೀಜಕಾಶಯಗಳ ಜೊತೆಗೆ ಅದೇ ಗುಂಪಿನ ಎಳೆಯ ಬೀಜಕಾಶಯಗಳನ್ನು ಸಂರಕ್ಷಕ ದ್ರವದಲ್ಲಿಯೂ, ಕೆಲವು ಚಿಗುರುಗಳನ್ನು ಡಿಎನ್‌ಎಗಾಗಿ ಸಿಲಿಕಾ ಜೆಲ್‌ನಲ್ಲಿ ಬೇಗನೆ ಒಣಗಿಸಿಯೂ ಇರಿಸಿದರೆ ಒಂದೇ ಮಾದರಿಯಿಂದ ಮೂರು ಬಗೆಯ ಸಾಕ್ಷ್ಯಗಳು ದೊರೆಯುತ್ತವೆ. ಬೀಜಕಸಸ್ಯವಿಲ್ಲದ ಮಾದರಿಗೆ ಎಲೆಯನ್ನಷ್ಟೇ ನೋಡಿ ಹೊಸ ಹೆಸರು ಕೊಡುವ ಆತುರವನ್ನು ಟಕಾಕಿಯದ ಕಥೆ ತಡೆಯಬೇಕು.

ಉಪಸಂಹಾರ

ಹೆಡ್ವಿಗ್‌ನ ಕಾಲದಿಂದ ಇಂದಿನವರೆಗೆ ಹಾವಸೆಗಳ ವರ್ಗೀಕರಣ ಕೇಳುತ್ತ ಬಂದ ಪ್ರಶ್ನೆ ಒಂದೇ: ಎರಡು ಸಸ್ಯಗಳ ಹೋಲಿಕೆ ಬಾಂಧವ್ಯದ್ದೋ, ಕೇವಲ ಸನ್ನಿವೇಶದ್ದೋ? ಬಲಿತ ರೂಪ ಇದಕ್ಕೆ ಅರ್ಧ ಉತ್ತರವನ್ನು ಮಾತ್ರ ಕೊಡಬಲ್ಲದು. ಆ ರೂಪ ಕೋಶದಿಂದ ಕೋಶಕ್ಕೆ ಕಟ್ಟಿಕೊಂಡು ಬಂದ ಹಾದಿಯನ್ನು ಅಂಗರಚನೆ ತೋರಿಸುತ್ತದೆ. ಆ ಹಾದಿ ಯಾರಿಂದ ಯಾರಿಗೆ ಬಂದಿತು ಎಂಬುದನ್ನು ತಳಿವಿಜ್ಞಾನ ತೋರಿಸುತ್ತದೆ. 1801ರಲ್ಲಿ ಮೂರು ಜಾತಿಗಳಾಗಿ ಬೇರ್ಪಟ್ಟ ಮೂರು ಪುಟ್ಟ ಹಾವಸೆಗಳು ಇಂದು ಒಂದೇ ಕುಟುಂಬದ ಎರಡು ಜಾತಿಗಳಲ್ಲಿ ನೆಲೆಸಿವೆ. ಅವುಗಳ ಬಾಯಿಯ ಭೇದವನ್ನು ಹೆಡ್ವಿಗ್ ಕಂಡದ್ದು ಸುಳ್ಳಲ್ಲ. ಆ ಭೇದಕ್ಕೆ ಎಷ್ಟು ಬೆಲೆ ಕಟ್ಟಬೇಕೆಂಬುದು ತಿಳಿಯಲು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.